ಬೇವಿನ ಬುಡದ ಹೂವಿನಪ್ಪ

ಚಿತ್ತಾಪುರದಿಂದ ವಾಡಿಗೆ ಹೋಗುವ ರಸ್ತೆಯ ಮೇಲಿನ ಆ ಊರಿನಲ್ಲಿ ಹೂಗಾರರ ಮನೆ ಒಂದೇ ಒಂದು. ಬಾಗಿಲು ಬಾಗಿಲಿಗೆ ಹೋಗಿ ಪೂಜೆಗೆ ಹೂವು, ಪತ್ರಿ ಮುಟ್ಟಿಸುವುದು ಅವರಿಗೆ ಅಜ್ಜನ ಅಜ್ಜನ ಕಾಲದಿಂದ ಬಂದ ಕಾಯಕ. ಹುಟ್ಟಿದ ಕೂಸಿನ ತೊಟ್ಟಿಲಿಗೂ ಅವರ ಸರ, ಲಿಂಗೈಕ್ಯರಾದವರನ್ನು ಕೂಡಿಸಿಕೊಂಡು ಹೋಗುವ ವಿಮಾನಕ್ಕೂ ಅವರದೇ ಸರ. ಎಲ್ಲಿ ಪೂಜೆ ನಡೆಯುತ್ತದೋ ಅಲ್ಲಿಗೆ ಹೂಗಾರ ಹೂವು ಒಯ್ಯಬೇಕು. ಒಲ್ಲೆ ಎನ್ನುವ ಮಾತು ಆ ಮನೆಯ ನಾಲಗೆಗೆ ರೂಢಿಯಿಲ್ಲ.

ಲಕ್ಷ್ಮಿಕಾಂತ ಆ ಮನೆಯ ಒಬ್ಬನೇ ಮಗ. ವಯಸ್ಸು ಮೂವತ್ತಾರು. ನಸುಕಿನಲ್ಲಿ ಎದ್ದು ಮಿಂದು, ಹಣೆಗೆ ವಿಭೂತಿ ಹಚ್ಚಿ, ಗಿಡಕ್ಕೆ ಕೈ ಮುಗಿದು ಆಮೇಲೆಯೇ ಹೂವು ಹರಿಯುವನು. ಮನೆಯಲ್ಲಿ ಮೂವರು: ಅವನು, ತಾಯಿ ಮಹಾದೇವಮ್ಮ, ರಸ್ತೆಯ ಕಡೆಯ ಕೋಣೆಯಲ್ಲಿ ಬಾಡಿಗೆಗೆ ಇದ್ದ ಸುರೇಶಕುಮಾರ ಮಾಸ್ತರ.

ಸುರೇಶ ಚಿಂಚೋಳಿ ಕಡೆಯ ಐನಾಪುರದವನು, ಬೌದ್ಧರ ಮನೆಯ ಮಗ. ಶಹಾಬಾದಿನ ಒಂದು ಖಾಸಗಿ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ. ಆರು ವರ್ಷದ ಹಿಂದೆ ಶಾಲೆಯ ಗೋಡೆಗೆ ಹೂಬಳ್ಳಿ ಬರೆಯಬೇಕಾಗಿ, ಕಾಕಡಾ ಮಲ್ಲಿಗೆಯ ಮೊಗ್ಗು ಹತ್ತಿರದಿಂದ ಹೇಗಿರುತ್ತದೆ ತೋರಿಸು ಎಂದು ಲಕ್ಷ್ಮಿಕಾಂತನ ಬುಟ್ಟಿಯ ಮುಂದೆ ಕುಳಿತವನು ಎದ್ದು ಹೋಗಲೇ ಇಲ್ಲ. ಹಾಗೆಂದು ಇಬ್ಬರೂ ಹೇಳಿಕೊಂಡು ನಗುತ್ತಿದ್ದರು. ಊರಿನ ಲೆಕ್ಕದಲ್ಲಿ ಅವನು ಬಾಡಿಗೆಯವನು. ತಾವು ಒಬ್ಬರಿಗೊಬ್ಬರು ಏನು ಎಂಬುದಕ್ಕೆ ಅವರು ಹೆಸರಿಟ್ಟಿರಲಿಲ್ಲ. ಹೆಸರಿಟ್ಟರೆ ಯಾರಾದರೂ ಆ ಹೆಸರು ಹಿಡಿದು ಬೀದಿಯಲ್ಲಿ ಕೂಗಿಯಾರು ಎಂಬ ಭಯ.

ಮಹಾದೇವಮ್ಮ ಏನೂ ಕೇಳಿದವಳಲ್ಲ. ಮಗನ ತಾಟಿಗೆ ರೊಟ್ಟಿ ಹಾಕಿದಂತೆ ಮಾಸ್ತರನ ತಾಟಿಗೂ ಹಾಕುವಳು. ಮಗನಿಗೆ ಹೆಣ್ಣು ಗೊತ್ತು ಮಾಡಲು ಬಂದವರಿಗೆ ಚಹಾ ಕೊಟ್ಟು, "ಅವಗ ಇನ್ನಾ ಯೋಗ ಕೂಡಿ ಬಂದಿಲ್ಲ್ರಿ" ಎಂದು ಕಳಿಸುವಳು. ಬರಬರುತ್ತ ಯಾರೂ ಬರುವುದು ಬಿಟ್ಟರು.

ಹೋದ ಚಳಿಗಾಲದ ಒಂದು ಸಂಜೆ ಅದು ನಡೆಯಿತು. ಸೇಡಂ ಸಂತೆಯಿಂದ ಚೆಂಡು ಹೂವಿನ ಸಸಿ ತೆಗೆದುಕೊಂಡು ಇಬ್ಬರೂ ಸ್ಕೂಟರಿನಲ್ಲಿ ಬರುತ್ತಿದ್ದರು. ಊರ ಹೊರಗೆ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯ ತಿರುವಿನಲ್ಲಿ ಒಂದು ಬೇವಿನ ಮರ. ಅದರ ಬುಡದಲ್ಲಿ ಯಾವ ಕಾಲದಲ್ಲೋ ಲಾರಿಯಿಂದ ಜಾರಿ ಅಲ್ಲೇ ಉಳಿದ ಒಂದು ಉದ್ದನೆಯ ಶಹಾಬಾದ ಕಲ್ಲು. ಅದರ ಮೇಲೆ ಕುಳಿತು ನೀರು ಕುಡಿದರು. ದಣಿದಿದ್ದ ಸುರೇಶ ಲಕ್ಷ್ಮಿಕಾಂತನ ಹೆಗಲ ಮೇಲೆ ತಲೆಯಿಟ್ಟ. ಅಷ್ಟೇ. ಸಂಗಣ್ಣನ ಟ್ರ್ಯಾಕ್ಟರ್ ಅದೇ ಹೊತ್ತಿಗೆ ತಿರುವಿಗೆ ಬಂತು.

ಸಂಗಣ್ಣ ಪರಸಿ ಪಾಲಿಶ್ ಮಾಡುವ ಮಷೀನು ಇಟ್ಟವನು, ಊರಿನಲ್ಲಿ ಮಾತು ನಡೆಯುವವನು. ಜೊತೆಗೆ ಅವನ ಕಡೆಯ ಮೂವರಿದ್ದರು. ಚಪ್ಪಲಿ ಕಳಚಿ ಹೊಡೆದರು. ಛಕ್ಕಾ ಎಂದರು, ಇನ್ನೂ ಏನೇನೋ ಎಂದರು. ಹೊಡೆತಕ್ಕಿಂತಲೂ ನಡುನಡುವೆ ಅವರು ನಕ್ಕ ನಗು ಲಕ್ಷ್ಮಿಕಾಂತನ ಕಿವಿಯಲ್ಲಿ ಉಳಿಯಿತು. ಸಸಿಗಳನ್ನು ತುಳಿದು ಹೋದರು. ಅವರು ಹೋದ ಮೇಲೆ, ಅಲ್ಲೇ ಆಡು ಮೇಯಿಸುತ್ತಿದ್ದ ಗನಿಸಾಬ ಕುಂಟುತ್ತ ಬಂದು ತನ್ನ ಬಾಟಲಿಯ ನೀರು ಕೊಟ್ಟ. ಹೆಗಲ ಮೇಲಿನ ವಸ್ತ್ರದಿಂದ ಸುರೇಶನ ತುಟಿಯ ರಕ್ತ ಒರೆಸಿದ.

"ನಾ ಏನೂ ನೋಡಿಲ್ಲ, ಬೇಟಾ," ಎಂದ ಮುದುಕ. ಕಣ್ಣು ತುಂಬಿದ್ದವು. "ನೋಡೀನಂದ್ರ ನನ್ನ ಆಡು ಮೇಯಲಿಕ್ಕ ಈ ಶೀಮಿಯಾಗ ಜಾಗಾ ಇರಂಗಿಲ್ಲ."

ಗಾಡಿಯಿಂದ ಬಿದ್ದೆವು ಎಂದು ಮನೆಯಲ್ಲಿ ಹೇಳಿದರು. ಮಹಾದೇವಮ್ಮ ಎಣ್ಣೆಯಲ್ಲಿ ಅರಿಶಿನ ಬಿಸಿ ಮಾಡಿ ಇಬ್ಬರ ಬೆನ್ನಿಗೂ ಹಚ್ಚಿದಳು. ಬೆನ್ನ ಮೇಲೆ ಚಪ್ಪಲಿಯ ಅಟ್ಟೆಯ ಗೆರೆಗಳು ಎದ್ದಿದ್ದವು. ಯಾವ ರಸ್ತೆಯೂ ಅಂಥ ಗೆರೆ ಎಬ್ಬಿಸುವುದಿಲ್ಲವೆಂದು ಅವಳಿಗೆ ಗೊತ್ತು. "ಶಿವ ಶಿವ" ಎಂದಳು. ಮತ್ತೊಮ್ಮೆ ಎಣ್ಣೆ ಬಿಸಿಗಿಟ್ಟಳು.

ಠಾಣೆಯ ಮೆಟ್ಟಿಲವರೆಗೆ ಹೋಗಿ, ಏನೆಂದು ಬರೆಸುವುದು ಎಂದು ತೋಚದೆ, ತಾವಾಗಿಯೇ ತಿರುಗಿ ಬಂದರು. ವಾರ ಕಳೆಯುವುದರೊಳಗೆ ಸುದ್ದಿ ಶಹಾಬಾದ ಮುಟ್ಟಿತು. ಇನ್ನು ಚಿತ್ರಕಲೆಗೆ ಮಾಸ್ತರ ಬೇಡ ಎಂದು ಶಾಲೆಯವರು ಹೇಳಿದರು. ಐನಾಪುರದಿಂದ ಸುರೇಶನ ಅಪ್ಪ ಲಾಲಪ್ಪ ಫೋನು ಮಾಡಿದ. "ಇತ್ಲಾಗ ಬರಬ್ಯಾಡ. ನಿಮ್ಮವ್ವ ಅಳಾಕತ್ತಾಳ. ಆದ್ರೂ ಬರಬ್ಯಾಡ."

ಸುರೇಶ ಹದಿನೈದು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಹದಿನಾರನೆಯ ದಿನ ಎದ್ದು ಬಂದು, ಸರ ಕಟ್ಟುತ್ತಿದ್ದ ಲಕ್ಷ್ಮಿಕಾಂತನ ಎದುರು ಕುಳಿತು, ಉದುರಿದ ಚೆಂಡು ಹೂವಿನ ಎಸಳುಗಳನ್ನು ನೆಲದ ಮೇಲೆ ಒಂದೊಂದಾಗಿ ಜೋಡಿಸಿ ಬರೆದ: ಇಲ್ಲಿ ನಮ್ಮನ್ನು ಹೊಡೆದರು.

"ಮನಿಯಾಗ ಎಲ್ಲಿ ಹೊಡದಾರ?" ಎಂದ ಲಕ್ಷ್ಮಿಕಾಂತ.

"ಎಲ್ಲಿ ಹೊಡದಾರ ಅಲ್ಲೇ ಹೋಗಿ ಬರ್ಯೋಣು. ಎಲ್ಲೆಲ್ಲಿ ನಕ್ಕಾರ ಅಲ್ಲೆಲ್ಲ ಬರ್ಯೋಣು. ಬಣ್ಣದಲೆ ಬರದ್ರ ಅಳಸ್ತಾರ, ಯಾರು ಬರದ್ರು ಅಂತ ಹುಡುಕ್ತಾರ. ಹೂವಿನಲೆ ಬರದ್ರ? ಹೂವು ತುಳೀಲಿಕ್ಕ ಈ ಮಂದಿಗಿ ಕಾಲು ಏಳಂಗಿಲ್ಲ. ನಿಂತು ನೋಡೇ ನೋಡ್ತಾರ. ಓದೇ ಓದ್ತಾರ."

ಲಕ್ಷ್ಮಿಕಾಂತ ಕಟ್ಟುತ್ತಿದ್ದ ಸರ ಕೆಳಗಿಟ್ಟ. ದೇವರಿಗೆ ಸಲ್ಲುವ ಹೂವಿನಿಂದ ಹೊಡೆತದ ಮಾತು ಬರೆಯುವುದೇ? ಮರುದಿನ ಪೂಜೆಗೆ ಕಣ್ಣು ಮುಚ್ಚಿದಾಗ ಅವನಿಗೆ ಬೇರೆ ಅನಿಸಿತು. ನೊಂದ ಜೀವಕ್ಕೆ ಏರಿಸಿದ ಹೂವೂ ಶಿವನಿಗೇ ಮುಟ್ಟಿದಂತೆ. ಕಣ್ಣು ತೆರೆದು, "ಆಗಲಿ" ಎಂದ.

ಮೊದಲು ಶಹಾಬಾದಿನಲ್ಲಿ, ಶಾಲೆಯ ಗೇಟಿನ ಎದುರಿನ ಕಟ್ಟೆಯ ಮೇಲೆ, ಒಬ್ಬ ಮಾಸ್ತರನನ್ನು ಯಾಕೆ ಕಳಿಸಿದರು ಎಂದು ಗಲಾಟಿ ಎಂಬ ಕೆಂಪು-ಹಳದಿ ಹೂವಿನಲ್ಲಿ ಬರೆದರು. ಮಕ್ಕಳು ಬಂದು ಹೂವು ಆರಿಸಿಕೊಂಡು ಒಬ್ಬರ ಮೇಲೊಬ್ಬರು ಎರಚಾಡಿದರು. ಸುರೇಶನಿಗೆ ಮಕ್ಕಳ ಮೇಲೆ ಸಿಟ್ಟು ಬರಲಿಲ್ಲ. ಆಮೇಲೆ ಸೇಡಂ ಬಸ್ ನಿಲ್ದಾಣದ ಹತ್ತಿರ, ನಿಮ್ಮಿಬ್ಬರಿಗೆ ಒಂದೇ ಕಪ್ಪು-ಬಸಿ ಸಾಕಲ್ಲ ಎಂದು ಜನ ಚಹಾ ಕುಡಿಯುತ್ತ ನಕ್ಕ ಜಾಗದಲ್ಲಿ. ಕಸ ಗುಡಿಸುವ ಹೆಂಗಸು ಹೂವೆಂದು ಪೊರಕೆ ಬದಿಗಿಟ್ಟು, ಎಲ್ಲವನ್ನೂ ಕೈಯಿಂದ ಬಳಿದು ಗಿಡದ ಬುಡಕ್ಕೆ ಹಾಕಿದಳು. ವಾಡಿ ಸ್ಟೇಷನ್ನಿನ ಹೊರಗಿನ ಮೆಟ್ಟಿಲ ಮೇಲೆ ಬರೆದದ್ದನ್ನು ಮಾತ್ರ ಒಬ್ಬ ನಡುವಯಸ್ಸಿನವನು ನಿಂತು ಪೂರ್ತಿ ಓದಿದ. ಓದಿ, ಅತ್ತ ಇತ್ತ ನೋಡಿ, ಸರಸರ ನಡೆದುಬಿಟ್ಟ. ಆ ಒಬ್ಬನ ಸಲುವಾಗಿ ಸುರೇಶ ಎರಡು ದಿನ ಹೊಟ್ಟೆ ತುಂಬ ಉಂಡ.

ಕೊನೆಗೆ ಉಳಿದದ್ದು ಬೇವಿನ ಬುಡ. ಅಲ್ಲಿಗೆ ಹೋಗಲು ಇಬ್ಬರಿಗೂ ಕಾಲು ಬರುತ್ತಿರಲಿಲ್ಲ. ಹೋಳಿ ಹುಣ್ಣಿಮೆ ಮುಗಿದ ಮೇಲೆ ಒಂದು ನಸುಕು ಹೋದರು. ಒಬ್ಬರಿಗೊಬ್ಬರು ಬೇಕಾದವರೆಂಬ ಕಾರಣಕ್ಕೆ ಇಬ್ಬರನ್ನು ಇಲ್ಲಿ ಚಪ್ಪಲಿಯಿಂದ ಹೊಡೆದರು ಎಂದು ಕಲ್ಲಿನ ಉದ್ದಕ್ಕೂ ಮೂರು ಸಾಲು, ಚೆಂಡು ಹೂವಿನ ಎಸಳಿನಲ್ಲಿ. ಸುರೇಶನ ಅಕ್ಷರ ಎಂದರೆ ಅಚ್ಚಿನ ಹಾಗೆ. ಆದರೆ ಹೊತ್ತು ಏರುವುದರೊಳಗೆ ಗನಿಸಾಬನ ಆಡುಗಳು ಬಂದವು.

"ಮಾಸ್ತರ, ಮಾಫ್ ಮಾಡ್ರಿ," ಎಂದ ಗನಿಸಾಬ, ಕೋಲು ಊರಿಕೊಂಡು. "ನಿಮ್ಮ ಅಕ್ಷರೆಲ್ಲ ನನ್ನ ಆಡಿನ ಹೊಟ್ಯಾಗ ಹೋದ್ವು. ಇನ್ನ ಈ ಊರಾಗ ಇವೇ ಶಾಣ್ಯಾ."

ಲಕ್ಷ್ಮಿಕಾಂತ ಹೂವಿನ ಗುಣ ಬಲ್ಲವನು. ಕಣಗಿಲೆಯನ್ನು ಆಡು ಮುಟ್ಟುವುದಿಲ್ಲ, ಅದು ಅವಕ್ಕೆ ವಿಷ. ಮರುದಿನ ಕಣಗಿಲೆಯಲ್ಲಿ ಬರೆದರು. ಆಡುಗಳು ಮೂಸಿ ನೋಡಿ ದಾಟಿ ಹೋದವು. ಮರದ ಹಿಂದಿನ ಒಡ್ಡಿನ ಮರೆಯಲ್ಲಿ ಕುಳಿತು ಇಬ್ಬರೂ ಕಾದರು.

ಮೊದಲು ಬಂದವಳು ಲಾಲಮ್ಮ. ಕಾಯಿಪಲ್ಲೆ ಹೊತ್ತು ವಾಡಿಗೆ ಹೋಗಿ ಮಾರುವ ಮುದುಕಿ, ಅಕ್ಷರ ಬಾರದವಳು. ಬುಟ್ಟಿ ಇಳಿಸಿ ನೋಡಿದಳು. "ಯಾರೋ ಪುಣ್ಯಾತ್ಮರು ಪೂಜಿ ಮಾಡಿ ಹೋಗ್ಯಾರ. ಗಾಳಿಗಿ ಹೂವೆಲ್ಲ ಹರಿವ್ಯಾಡ್ಯಾವ. ಮಂದಿ ಕಾಲಾಗ ಬೀಳಬಾರದು" ಎಂದು ತನ್ನಷ್ಟಕ್ಕೆ ಅಂದುಕೊಳ್ಳುತ್ತ, ಮೂರೂ ಸಾಲನ್ನು ಸೆರಗಿಗೆ ಬಳಿದುಕೊಂಡು, ಕಣ್ಣಿಗೆ ಒತ್ತಿ, ಕಲ್ಲಿನ ಒಂದು ತುದಿಗೆ ಗುಪ್ಪೆ ಮಾಡಿ ಏರಿಸಿದಳು. ಅವಳ ಸೊಸೆ ತವರಿಗೆ ಹೋಗಿ ವರ್ಷವಾಗುತ್ತ ಬಂದಿತ್ತು. ತಿರುಗಿ ಬರಲಿ ಎಂದು ಕೈ ಮುಗಿದು ಬೇಡಿಕೊಂಡಳು.

ಸುರೇಶ ಏಳಹೋದ. ಲಕ್ಷ್ಮಿಕಾಂತ ಅವನ ಕೈ ಜಗ್ಗಿ ಕೂಡಿಸಿದ. "ಹೋಗ್ಲಿ ಬಿಡು, ಮುದುಕಿ. ನಾಳಿಗಿ ಮತ್ತ ಬರ್ಯೋಣು" ಎಂದ. ಆವತ್ತು ಎದ್ದು ಹೇಳಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೆಂದು ಆಮೇಲೆ ಎಷ್ಟೋ ಸಲ ಅವನಿಗೆ ಅನಿಸಿತು.

ಮರುದಿನ ಅವರಿಗಿಂತ ಮುಂಚೆಯೇ ಕಲ್ಲಿಗೆ ಕುಂಕುಮ ಬಿದ್ದಿತ್ತು. ಮೂರನೆಯ ದಿನ ಊದಿನಕಡ್ಡಿ. ಅವರು ಬರೆಯುವುದು, ಲಾಲಮ್ಮ ಬಂದು ಬಳಿದು ಏರಿಸುವುದು ಹೀಗೇ ನಡೆಯಿತು. ಓದಬಲ್ಲವರು ಎದ್ದು ಬರುವ ಹೊತ್ತಿಗೆ ಓದಲು ಏನೂ ಉಳಿದಿರುತ್ತಿರಲಿಲ್ಲ. ಯಾರೂ ಇಡದೆ ಆ ಕಲ್ಲಿನ ಮೇಲೆ ಹೂವು ತಾನಾಗಿಯೇ ಬರುತ್ತದೆ ಎಂದು ಸುದ್ದಿ ಹಬ್ಬಿತು. ಸುರೇಶ ಬರೆಯುವುದು ನಿಲ್ಲಿಸಿದ. ಆದರೆ ಹೂವು ಬರುವುದು ನಿಲ್ಲಲಿಲ್ಲ; ಜನ ತರುತ್ತಿದ್ದರು. ಕಲ್ಲಿಗೆ ಹೂವಿನಪ್ಪ ಎಂದು ಹೆಸರಾಯಿತು. ಮುಧೋಳದಿಂದ ಒಂದು ಮನೆಯವರು ಗಾಡಿ ಮಾಡಿಕೊಂಡು ಬಂದು ಹೋದರು. ಊರಿನ ಹಿರಿಯರು ಲಕ್ಷ್ಮಿಕಾಂತನಿಗೆ ದಿನದ ಹೂವು ಅಲ್ಲಿಗೂ ಮುಟ್ಟಿಸು ಎಂದರು. ಅವನು ಮುಟ್ಟಿಸಿದ.

ಬೇಸಿಗೆಯಲ್ಲಿ ಸಂಗಣ್ಣನ ಟ್ರ್ಯಾಕ್ಟರ್ ಅದೇ ತಿರುವಿನಲ್ಲಿ ಪಲ್ಟಿ ಹೊಡೆಯಿತು. ಅವನಿಗೆ ಒಂದು ಗೀರೂ ಬೀಳಲಿಲ್ಲ. ಮಣ್ಣು ಝಾಡಿಸಿಕೊಂಡು ಎದ್ದವನ ಕಣ್ಣೆದುರು ಹೂವು ಹೊತ್ತ ಕಲ್ಲಿತ್ತು. ಆವತ್ತಿನಿಂದ ಅವನು ಭಕ್ತನಾದ. ತೋರಿಕೆಗಲ್ಲ, ಖರೇ ಭಕ್ತ. ಸೋಮವಾರ ಬರಿಗಾಲಲ್ಲಿ ಬರುತ್ತಿದ್ದ. ಕಟ್ಟೆ ಕಟ್ಟಲು ತನ್ನ ಮಷೀನಿನ ಪರಸಿಯನ್ನೇ ಕೊಟ್ಟ. ಆಷಾಢ ಕಳೆಯುವ ಹೊತ್ತಿಗೆ ಒಂದು ಮುಂಜಾನೆ ಹೂಗಾರರ ಅಂಗಳಕ್ಕೇ ಬಂದು ನಿಂತ.

"ಕಾಂತಪ್ಪ, ಶ್ರಾವಣದ ಮೊದಲನೇ ಸೋಮವಾರ ಕಟ್ಟಿ ಪೂಜಿ ಇಟ್ಟೀವಿ. ಮೊದಲನೇ ಸರ ನಿನ್ನ ಕೈಲೆ ಬೀಳಬೇಕು. ಹೂಗಾರನ ಹಕ್ಕು ಅದು."

ಲಕ್ಷ್ಮಿಕಾಂತ ಕುಳಿತಲ್ಲಿಂದ ಎದ್ದ. "ಸಂಗಣ್ಣಾವರ, ಆ ಜಾಗಾದಾಗ..."

"ಗೊತ್ತದ. ನಾ ಮರ್ತಿಲ್ಲ." ಸಂಗಣ್ಣ ತಲೆ ತಗ್ಗಿಸಿದ. ಮಾತಿನಲ್ಲಿ ಕೊಂಕಿರಲಿಲ್ಲ. "ಭಾಳ ದಿನ ವಿಚಾರ ಮಾಡೀನಿ. ಅವತ್ತ ಹೊಡದಾವ ನಾ ಅಲ್ಲ. ಹೂವಿನಪ್ಪನೇ ನನ್ನ ಕೈಲೆ ಹೊಡಿಸ್ಯಾನ. ತನ್ನ ಜಾಗಾ ಶುದ್ಧ ಮಾಡಿಕೋಬೇಕಿತ್ತು ಅವಗ. ಹಿಂಗಾಗಿ ನಿನ್ನ ಮ್ಯಾಲ ನನಗ ಏನೂ ಸಿಟ್ಟಿಲ್ಲ."

"ಕುಂದ್ರಿ, ಚಹಾ ಕುಡೀರಿ," ಎಂದಳು ಮಹಾದೇವಮ್ಮ ಒಳಗಿನಿಂದ. ಸಂಗಣ್ಣ ಕುಳಿತು ಕುಡಿದ. ಏಳುವಾಗ ರಸ್ತೆಯ ಕಡೆಯ ಕೋಣೆಯತ್ತ ಗದ್ದ ಎತ್ತಿ, "ಬಾಡಿಗ್ಯಾವ ಇನ್ನಾ ಇದ್ದಾನೇನು?" ಎಂದ.

"ಇದ್ದಾನ್ರಿ. ಹೋಗ್ತಾನ," ಎಂದಳು ಅವಳು.

ಸಂಗಣ್ಣ ಹೋದ ಮೇಲೆ ಸುರೇಶ ಹೊರಗೆ ಬಂದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅಂಗಳದ ಹೂವಿನ ಬುಟ್ಟಿಯ ಮುಂದೆ ನಿಂತ.

"ದಿನಾ ಒಯ್ದು ಏರಸಾಕತ್ತೀಯಲ್ಲ, ನನ್ನ ರಕ್ತ ಬಿದ್ದ ಕಲ್ಲಿಗಿ," ಎಂದ.

"ಪೂಜಿ ನಡೀತದ ಅಂದ್ಮ್ಯಾಲ ಒಲ್ಲೆ ಅನ್ನಲಿಕ್ಕ ಬರಂಗಿಲ್ಲ ಸುರೇಶ. ನಮ್ಮ ಕಾಯಕ."

"ನಿನಗ ಬೈಯಂಗಿಲ್ಲ. ತಪ್ಪು ನಂದೇ. ಹೂವು ಮಾತಾಡ್ತಾವ ಅಂತ ನಾ ತಿಳಕೊಂಡಿದ್ದೆ. ನಮ್ಮ ಮಂದಿ ಹೂವು ಕಂಡ್ರ ಕೈ ಮುಗೀತಾರ, ಏನಾತು ಅಂತ ಕೇಳಂಗಿಲ್ಲ." ಅವನು ದನಿ ಏರಿಸಲಿಲ್ಲ. "ಸೊಲ್ಲಾಪುರದಾಗ ಒಬ್ಬ ಬೋರ್ಡ್ ಬರ್ಯಾವ ಕೆಲಸಕ್ಕ ಕರದಾನ. ಸೋಮವಾರ ವಾಡಿಯಿಂದ ರೈಲ ಅದ."

ಲಕ್ಷ್ಮಿಕಾಂತ ಕೈಯಲ್ಲಿದ್ದ ದಾರ ಬದಿಗಿಟ್ಟ. "ಮತ್ತ ನಾ ಏನು ಮಾಡ್ಲಿ?"

"ಬಾಯಿಲೆ ಹೇಳು. ಸೋಮವಾರ ಎಲ್ಲರೂ ಕೂಡಿರ್ತಾರ. ಇಲ್ಲಿ ಏನಾತು ಅಂತ ನಿನ್ನ ಬಾಯಿಲೆ ಒಂದೇ ಸಲ ಹೇಳು. ನಾ ರಸ್ತಾದ ಆಚಿಕಡಿ ನಿಂತಿರ್ತೀನಿ. ನೀ ಹೇಳ್ದೆಂದ್ರ ಎಲ್ಲಿಗೂ ಹೋಗಂಗಿಲ್ಲ, ಬಂದು ನಿನ್ನ ಬಾಜೂಕ ನಿಂದರ್ತೀನಿ. ಬಡೀತಾರಂದ್ರ ಇಬ್ರಿಗೂ ಬಡೀಲಿ. ಹೇಳ್ಲಿಲ್ಲಂದ್ರ ರೈಲ ಹತ್ತತೀನಿ."

ಒಳಗೆ ಮಹಾದೇವಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಸೋಮವಾರಕ್ಕೆ ನಾಲ್ಕು ದಿನವಿತ್ತು. ಲಕ್ಷ್ಮಿಕಾಂತ ಗನಿಸಾಬನ ಹತ್ತಿರ ಹೋದ. "ಚಾಚಾ, ನೋಡಿದಾವ ನೀ ಒಬ್ಬಾವನೇ. ಹೌದು ಅಂತ ಒಂದು ಮಾತು ಅಂದ್ರ ಸಾಕು."

ಮುದುಕ ಬೀಡಿ ಆರಿಸಿದ. "ನಾ ಅಂದ್ರ ಏನಾಗ್ತದ ಗೊತ್ತದೇನು, ಬೇಟಾ? ನಮ್ಮ ದೇವರಿಗಿ ಸಾಬ ಸುಳ್ಳು ಅನ್ನಾಕತ್ತಾನ ಅಂತಾರ. ನಿನಗ ಬಿದ್ದ ಪೆಟ್ಟು ಹಂಗೇ ಮರ್ತು ಹೋಗ್ತದ. ಬ್ಯಾರೆನೇ ಹೊಡದಾಟ ಸುರು ಆಗ್ತದ." ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಲಕ್ಷ್ಮಿಕಾಂತ ಎದ್ದು ಬಂದ.

ದಿನವೂ ಹೂವು ಒಯ್ದಾಗ ಅವನು ಕಲ್ಲಿನ ಮುಂದೆ ಬಹಳ ಹೊತ್ತು ನಿಲ್ಲುತ್ತಿದ್ದ. ಚಿಕ್ಕಂದಿನಿಂದ ಹೂವು ಏರಿಸಿದ ಕೈ ಅವನದು. ಕಲ್ಲನ್ನು ಕಲ್ಲೆಂದು ನೋಡುವುದು ಅವನಿಗೆ ಸುರೇಶನಿಗೆ ಆದಷ್ಟು ಸುಲಭವಿರಲಿಲ್ಲ. ಇಷ್ಟು ಜನ ಕರೆದ ಮೇಲೆ ಶಿವ ಇಲ್ಲಿಗೆ ಬರದೇ ಇರುತ್ತಾನೆಯೇ? ಬಂದೇ ಇದ್ದರೆ, ಆ ಸಂಜೆ ಎಲ್ಲಿಗೆ ಹೋಗಿದ್ದ? ಹೀಗೆ ಕೇಳಿ, ಕೇಳಿದ್ದಕ್ಕೆ ತಾನೇ ಗಲ್ಲ ಬಡಿದುಕೊಳ್ಳುತ್ತಿದ್ದ. ಬೇವಿನ ಎಲೆ ಅಲ್ಲಾಡುತ್ತಿದ್ದವು.

ಸೋಮವಾರ ಮೋಡ ಸರಿದು ಬಿಸಿಲು ಬಿದ್ದಿತ್ತು. ಹೊಸ ಪರಸಿಯ ಕಟ್ಟೆ ತೊಳೆದು ಮಿಂಚುತ್ತಿತ್ತು. ಮುನ್ನೂರು ಜನ ಸೇರಿದ್ದರು. ಬಿಟ್ಟ ಚಪ್ಪಲಿಗಳು ರಸ್ತೆಯವರೆಗೆ ಹರಡಿದ್ದವು. ಹಲಗಿ ಬಡಿತ, ಊದಿನಕಡ್ಡಿಯ ಹೊಗೆ, ಹೆಂಗಸರ ಗುಂಪಿನಲ್ಲಿ ಮುಂದೆಯೇ ನಿಂತ ಮಹಾದೇವಮ್ಮ. ರಸ್ತೆಯ ಆಚೆ, ವಾಡಿಗೆ ಹೋಗುವ ಆಟೋದ ಪಕ್ಕದಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು ಸುರೇಶ.

ಸಂಗಣ್ಣ ಮಚ್ಚಿನಿಂದ ಕಾಯಿ ಒಡೆದ. "ಹೂಗಾರ, ಏರಸು," ಎಂದ.

ಲಕ್ಷ್ಮಿಕಾಂತ ಕಟ್ಟೆ ಹತ್ತಿ ಸೇವಂತಿಯ ಸರ ಎತ್ತಿದ. ಕಲ್ಲಿಗೆ ಹಾಕಲಿಲ್ಲ. ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡೇ ಜನರ ಕಡೆ ತಿರುಗಿದ.

"ಇಲ್ಲಿ ಯಾವ ಅಪ್ಪನೂ ಇಲ್ಲ್ರಿ."

ಹಲಗಿಯ ಬಡಿತಕ್ಕೆ ಅದು ಯಾರಿಗೂ ಮುಟ್ಟಲಿಲ್ಲ. ಮತ್ತೊಮ್ಮೆ ಅಂದ. ಹಲಗಿ ನಿಂತಿತು.

"ಇಲ್ಲಿ ಮೊದಲು ಹೂವು ಇಟ್ಟಾವ ನಾನು. ನಾನೂ ಸುರೇಶ ಮಾಸ್ತರನೂ. ಹೋದ ಥಂಡಿ ದಿನದಾಗ ಇದೇ ಕಲ್ಲಿನ ಮ್ಯಾಲ ನಮಗ ಇಬ್ರಿಗೂ ಕೆರಲೆ ಹೊಡದ್ರು. ಛಕ್ಕಾ ಅಂದ್ರು. ನಾವು ಯಾರದೂ ಏನೂ ಕದ್ದಿದ್ದಿಲ್ಲ. ಅವನು ನನ್ನ ಹೆಗಲ ಮ್ಯಾಲ ತಲಿ ಇಟ್ಟಿದ್ದ. ಅದಕ್ಕ ಹೊಡದ್ರು. ಅವನು ನನಗ ಬೇಕಾದಾವ. ಆರು ವರ್ಷದಿಂದ ಬೇಕಾದಾವ. ಹೊಡದಾವ ಇಲ್ಲೇ ನಿಂತಾನ. ಈಗ ಕಾಯಿ ಒಡದಾನ."

ಲಕ್ಷ್ಮಿಕಾಂತನಿಗೆ ಮೈ ಹಗುರಾದಂತಾಯಿತು. ಇಷ್ಟು ಚಿಕ್ಕ ಮಾತಿಗೆ ಎಷ್ಟು ಬುಟ್ಟಿ ಹೂವು ಹೊತ್ತೆವಲ್ಲ ಎನಿಸಿತು. ರಸ್ತೆಯ ಆಚೆ ಸುರೇಶ ಚೀಲವನ್ನು ಹೆಗಲಿನಿಂದ ಇಳಿಸಿ ನೆಲದ ಮೇಲಿಟ್ಟ. ರಸ್ತೆಗೆ ಒಂದು ಹೆಜ್ಜೆ ಇಟ್ಟ.

ಆಗ ಜನರೊಳಗಿಂದ ಒಬ್ಬ, "ಏನಂದ ಇವ?" ಎಂದ.

"ಅಪ್ಪ ಇಲ್ಲ ಅಂತಾನ."

"ಕಟ್ಟಿ ಮ್ಯಾಲ ನಿಂತು ಎಂಥ ಹೊಲಸು ಮಾತಾಡ್ತಾನ ನೋಡು. ಇಳಸ್ರಿ ಅವಗ."

ಒಬ್ಬ ಆಗಲೇ ಚಪ್ಪಲಿಗಳ ರಾಶಿಯ ಕಡೆ ಬಗ್ಗಿದ್ದ. ಇನ್ನಿಬ್ಬರು ಕಟ್ಟೆಯ ಕಡೆ ಬಂದರು. ಸಂಗಣ್ಣನ ಮುಖದಲ್ಲಿ ರಕ್ತವಿರಲಿಲ್ಲ. ಕಾಯಿ ಒಡೆದ ಮಚ್ಚು ಅವನ ಕೈಯಲ್ಲೇ ಇತ್ತು.

ಮಹಾದೇವಮ್ಮ ಹೆಂಗಸರನ್ನು ತಳ್ಳಿಕೊಂಡು ಬಂದಳು. ಬರುತ್ತಲೇ ತುರುಬು ಬಿಚ್ಚಿದಳು. ಬಿಳಿ ಕೂದಲು ಮುಖದ ಮೇಲೆಲ್ಲ ಚೆಲ್ಲಿತು.

"ಅಪ್ಪ ಬಂದಾನ್ರೋ," ಎಂದು ಚೀರಿದಳು. "ನನ್ನ ಮಗನ ಮೈಮ್ಯಾಲ ಹೂವಿನಪ್ಪ ಬಂದಾನ. ಸಿಟ್ಟಿಲೆ ಬಂದಾನ. ಹಿಂದಕ ಸರೀರಿ, ಸುಟ್ಟು ಬೂದಿ ಆಗ್ತೀರಿ." ಕಟ್ಟೆ ಹತ್ತಿ ಮಗನ ಕಾಲಿಗೆ ಬಿದ್ದು ಎರಡೂ ಪಾದ ಹಿಡಿದುಕೊಂಡಳು.

ಹೆತ್ತವಳು ಮಗನ ಕಾಲಿಗೆ ಬೀಳುವುದನ್ನು ಆ ಊರು ಕಂಡಿರಲಿಲ್ಲ. ಮಗನೊಳಗೆ ಮಗನೇ ಇದ್ದರೆ ಯಾವ ತಾಯಿ ಬಿದ್ದಾಳು? ಮುಂದಿನ ಸಾಲಿನವರು ಬಗ್ಗಿದರು. ಅವರ ಹಿಂದಿನವರು ಬಗ್ಗಿದರು. ಚಪ್ಪಲಿಗೆ ಕೈ ಹಾಕಿದ್ದವನು ಕುಳಿತಲ್ಲೇ ಕೈ ಮುಗಿದ. ಮೈದುಂಬಿ ಬಂದಾಗ ಹಲಗಿ ಬಡಿಯಬೇಕು, ಹಲಗಿಯವನು ಬಡಿದ.

"ಯವ್ವಾ, ಏನು ಮಾಡಾಕತ್ತಿ? ಏಳು," ಎಂದ ಲಕ್ಷ್ಮಿಕಾಂತ. "ಯಾರೂ ಬಂದಿಲ್ಲ್ರಿ. ನಾ ಕಾಂತ ಇದ್ದೀನಿ. ನನ್ನ ಮಾತೇ ಇದು." ಹಲಗಿಯ ಸಪ್ಪಳದಲ್ಲಿ ಅದು ಕೇಳಿಸಿದ್ದು ತೀರ ಮುಂದಿದ್ದವರಿಗೆ. ಅವರು ಹೆದರಿ ಇನ್ನಷ್ಟು ಬಗ್ಗಿದರು.

ಸಂಗಣ್ಣ ಒಬ್ಬನೇ ನಿಂತಿದ್ದ. ಅವನಿಗೆ ಗೊತ್ತಿತ್ತು. ಮಹಾದೇವಮ್ಮ ಕೂದಲ ನಡುವಿನಿಂದ ಅವನ ಮುಖವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಬೇಡುವುದೂ ಇತ್ತು, ಇದೋ ನಿನಗೂ ಒಂದು ದಾರಿ ಎಂದು ತೋರಿಸುವುದೂ ಇತ್ತು. ಅವನು ಮಚ್ಚು ಕೆಳಗಿಟ್ಟ. ಉದ್ದಕ್ಕೆ ಬಿದ್ದ.

"ತಪ್ಪಾತು ಅಪ್ಪ. ನಿನ್ನ ಜಾಗಾದಾಗ ಕೈ ಎತ್ತಿದ್ದು ನಂದು ತಪ್ಪಾತು," ಎಂದು ಅತ್ತ. ಹಣೆಯನ್ನು ಪರಸಿಗೆ ಹಚ್ಚಿ, ಭುಜ ಅಲುಗುವಂತೆ ಅತ್ತ. ಎಂಟು ತಿಂಗಳಿನಿಂದ ಲಕ್ಷ್ಮಿಕಾಂತ ಕೇಳಬಯಸಿದ್ದು ಇದೇ ಮಾತನ್ನು. ಅದು ಅವನ ಕಾಲ ಬುಡದಲ್ಲೇ ಬಂದು ಬಿದ್ದಿತ್ತು. ಆದರೆ ಹೇಳಿದ್ದು ಅವನಿಗಲ್ಲ, ಹೂವಿನಪ್ಪನಿಗೆ.

ಸುರೇಶ ರಸ್ತೆಯ ನಡುವೆ ನಿಂತಿದ್ದ. ಕೊಟ್ಟ ಮಾತಿನಂತೆ ಬಂದು ಪಕ್ಕದಲ್ಲಿ ನಿಲ್ಲಲು ಅಲ್ಲಿ ಈಗ ಕಾಂತನಿರಲಿಲ್ಲ, ಹೂವಿನಪ್ಪನಿದ್ದ. ಒಂದು ಲಾರಿ ಹಾರ್ನ್ ಹಾಕಿತು. ಅವನು ಹಿಂದಕ್ಕೆ ಸರಿದು ದಾರಿ ಬಿಟ್ಟ. ಲಾರಿ ದಾಟಿದ ಮೇಲೆ ನೋಡಿದರೆ, ಚೀಲ ಎತ್ತಿಕೊಂಡು ಆಟೋದೊಳಗೆ ಕೂಡುತ್ತಿದ್ದ. ಈ ಕಡೆ ನೋಡಲಿಲ್ಲ.

ಲಕ್ಷ್ಮಿಕಾಂತ ಕಟ್ಟೆಯಿಂದ ಇಳಿಯಹೋದ. ಕಾಲು ಎತ್ತಲಾಗಲಿಲ್ಲ. ತಾಯಿಯ ಕೈಯ ಮೇಲೆ ಇನ್ನೂ ಹತ್ತಾರು ಕೈ ಅವನ ಪಾದ ಹಿಡಿದಿದ್ದವು. ಆಟೋ ವಾಡಿಯ ಕಡೆ ಹೊರಟು, ಗಣಿಯ ಬಿಳಿ ದೂಳಿನಲ್ಲಿ ಕಾಣದಾಯಿತು.

ಮಹಾದೇವಮ್ಮ ಅವನ ಮೊಣಕಾಲು ಹಿಡಿದು ಎದ್ದಳು. ಭಂಡಾರ ಹಚ್ಚುವ ನೆಪದಲ್ಲಿ ಅವನ ಹಣೆಯವರೆಗೆ ಬಂದು ಕಿವಿಯಲ್ಲಿ ಹೇಳಿದಳು:

"ಅಲುಗಾಡು, ಕಾಂತ. ಹಿಂಗ ಸುಮ್ಮ ನಿಂತ್ರ ಮಂದಿಗಿ ತಿಳೀತದ. ಜರಾ ಅಲುಗಾಡು, ನನ್ನಪ್ಪ. ಅವ ಅಂತೂ ಹೋದ. ನೀ ಒಬ್ಬಾವನಾದ್ರೂ ಉಳಿ."

ಅವನು ತಾಯಿಯ ಮುಖ ನೋಡಿದ. ಬೆನ್ನಿಗೆ ಅರಿಶಿನ ಹಚ್ಚಿದ ದಿನ ಇದ್ದಂಥದೇ ಮುಖ. ಅವಳಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು. ಆಡಿದ ಪ್ರತಿ ಮಾತೂ ಅವಳಿಗೆ ಅರ್ಥವಾಗಿತ್ತು. ಅಲ್ಲಿದ್ದ ಮುನ್ನೂರು ಜನರಲ್ಲಿ ಪೂರ್ತಿ ಕೇಳಿಸಿಕೊಂಡವಳು ಅವಳೊಬ್ಬಳೇ.

ಮೊದಲು ಅವನ ಕೈಯಲ್ಲಿದ್ದ ಸರ ನಡುಗಿತು. ಆಮೇಲೆ ಭುಜ, ಆಮೇಲೆ ಮೈಯೆಲ್ಲ.

ಲಾಲಮ್ಮ ಮೊಣಕಾಲ ಮೇಲೆ ಮುಂದೆ ಬಂದು ಸೆರಗೊಡ್ಡಿದಳು. "ಅಪ್ಪ, ನನ್ನ ಸೊಸಿ ತಿರುಗಿ ಬರ್ತಾಳೇನು? ನೀನೇ ಹೇಳಬೇಕು."

"ಐದು ಸೋಮವಾರ ಹೂವು ಏರಸು ಅಂತಾನ," ಎಂದಳು ಮಹಾದೇವಮ್ಮ, ಮಗನ ಬಾಯಿಯ ಹತ್ತಿರ ಕಿವಿಯಿಟ್ಟು.

ಹಿಂದಿನಿಂದ ಇನ್ನೊಬ್ಬರು ಬೋರಿಗೆ ನೀರು ಬೀಳುತ್ತದೋ ಇಲ್ಲವೋ ಎಂದು ಕೇಳಿದರು. ಮತ್ತೊಬ್ಬರು ಮಗನ ನೌಕರಿ. ಅವಳು ಒಬ್ಬೊಬ್ಬರಿಗೂ ಉತ್ತರ ಕೊಟ್ಟಳು. ಜನ ಸಾಲುಗಟ್ಟಿದರು. ಬಿಸಿಲು ನೆತ್ತಿಗೆ ಬಂದು, ಪ್ರಸಾದ ಹಂಚಿ, ಹಲಗಿಯವನು ಹಲಗಿ ಇಳಿಸಿ, ಕೊನೆಯವರು ಚಪ್ಪಲಿ ಮೆಟ್ಟಿಕೊಂಡು ಊರ ಕಡೆ ನಡೆದ ಮೇಲೆ, ಮಹಾದೇವಮ್ಮ ಮಗನ ಬೆನ್ನ ಮೇಲೆ ಕೈಯಿಟ್ಟಳು.

"ಸಾಕು, ಕಾಂತ. ಎಲ್ಲರೂ ಹೋದ್ರು," ಎಂದಳು.

ಅವನ ಮೈ ನಿಲ್ಲಲಿಲ್ಲ.